ಹಿಂಬದಿಯ ಗಂಟು

ಕಸೂತಿ ಹಾಕಿದ ಬಟ್ಟೆಯೊಂದನ್ನು ಅನುಭವಸ್ಥ ಹೆಂಗಸರ ಕೈಗೆ ಕೊಟ್ಟು ನೋಡಿ. "ಚೆನ್ನಾಗಿದೆ" ಎಂಬ ಮಾತು ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಅವರ ಬೆರಳುಗಳು ಬಟ್ಟೆಯನ್ನು ಮಗುಚಿರುತ್ತವೆ. ಮೇಲೆ ಅರಳಿದ ಗುಲಾಬಿಗೆ ಅರ್ಧ ಅಂಕ, ಉಳಿದರ್ಧ ಹಿಂಬದಿಗೆ. ಅಲ್ಲಿ ದಾರ ಅಡ್ಡಾದಿಡ್ಡಿ ಓಡಿದ್ದರೆ, ಗಂಟುಗಳು ಎದ್ದು ನಿಂತಿದ್ದರೆ, "ಪರವಾಗಿಲ್ಲ, ಇನ್ನೂ ಕೈ ಕೂರಬೇಕು" ಎಂಬ ತೀರ್ಪು ಬರುತ್ತದೆ. ಚಿತ್ರ ಬರೆದವರ ಕ್ಯಾನ್ವಾಸನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಕವಿಗಳಿಗೆ ನೀವು ಹೊಡೆದುಹಾಕಿದ ಸಾಲುಗಳನ್ನು ತೋರಿಸಿ ಎಂದು ಯಾರೂ ಕೇಳುವುದಿಲ್ಲ. ಹೆಂಗಸಿನ ಕೈಕೆಲಸಕ್ಕೆ ಮಾತ್ರ ಈ ಪರೀಕ್ಷೆ ಯಾಕೆ ಬಂತು? ಯಾರ ಕಣ್ಣಿಗೂ ಬೀಳದ ಕಡೆಯಲ್ಲೂ ಕೆಲಸ ಚೊಕ್ಕಟವಾಗಿರಬೇಕೆ? ಇರಬೇಕಾದರೆ, ಯಾರಿಗೋಸ್ಕರ?

ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ನಮ್ಮ ಬೀದಿಯ ಒಬ್ಬ ಹುಡುಗಿಯ ಅನ್ನದ ಪ್ರಶ್ನೆಯಾಗಿ ಅದು ಎದುರಿಗೆ ನಿಂತ ಮೇಲೆ ನನಗೆ ಚಿಕ್ಕದೆನಿಸಲಿಲ್ಲ. ಅವಳ ಸಂಗತಿಗೆ ಬರುವ ಮೊದಲು, ಬಟ್ಟೆಯ ಮೇಲೆ ಹೂವು ಹೇಗೆ ಅರಳುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು.

ನಮ್ಮ ಮಾಗಡಿಯ ಕಡೆ ಸೂಜಿದಾರದಲ್ಲಿ ಬಟ್ಟೆಯ ಮೇಲೆ ಏನು ಹಾಕಿದರೂ ಅದು ಕಸೂತಿಯೇ. ರಜೆಯಲ್ಲಿ ಚಿಕ್ಕಮ್ಮಂದಿರ ಪಕ್ಕ ಕುಳಿತು ಕಲಿಯುತ್ತಿದ್ದ ವಿದ್ಯೆ ಅದು. ತೆಳ್ಳನೆಯ ಟ್ರೇಸಿಂಗ್ ಕಾಗದದಲ್ಲಿ ಹೂಬಳ್ಳಿ ಬರೆದುಕೊಂಡು, ಗೆರೆಯ ಉದ್ದಕ್ಕೂ ಗುಂಡುಪಿನ್ನಿನಿಂದ ಚುಚ್ಚಿ, ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ನೀಲಿ ಕದಡಿ ಹತ್ತಿಯುಂಡೆಯಿಂದ ಒರೆಸಿದರೆ ಕೆಳಗೆ ಚುಕ್ಕಿಚುಕ್ಕಿಯಾಗಿ ಬಳ್ಳಿ ಇಳಿದಿರುತ್ತಿತ್ತು. ಮನೆಯೆಲ್ಲ ಸೀಮೆಎಣ್ಣೆ ವಾಸನೆ. ಆಮೇಲೆ ಬಟ್ಟೆಯನ್ನು ರಿಂಗಿಗೆ ಬಿಗಿದು, ಆರೆಳೆಯ ಆಂಕರ್ ದಾರದಿಂದ ಎರಡೆಳೆ ಬಿಡಿಸಿ ಸೂಜಿಗೆ ಪೋಣಿಸಬೇಕು. ಬಳ್ಳಿಗೆ ಸ್ಟೆಮ್ ಸ್ಟಿಚ್ಚು, ಎಲೆಗೆ ಸ್ಯಾಟಿನ್ನು, ಐದೆಸಳಿನ ಚಿಕ್ಕ ಹೂವಿಗೆ ಲೇಜಿ ಡೇಸಿ, ನಡುವೆ ಹಳದಿಯ ಫ್ರೆಂಚ್ ನಾಟ್. ಗುಲಾಬಿ ಮೊಗ್ಗಿಗೆ ಸೂಜಿಗೆ ಏಳೆಂಟು ಸುತ್ತು ದಾರ ಸುತ್ತಿ ಎಳೆಯುವ ಬುಲಿಯನ್. ಇವುಗಳ ಇಂಗ್ಲಿಷ್ ಹೆಸರುಗಳೇ ನಮ್ಮ ಮನೆಗಳಲ್ಲಿ ಉಳಿದುಬಿಟ್ಟಿವೆ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಬಾರದ ನನ್ನ ದೊಡ್ಡಮ್ಮ "ಲೇಜಿಡೇಜಿ" ಎಂದು ಒಂದೇ ಉಸಿರಿಗೆ ಹೇಳುತ್ತಿದ್ದರು.

ಮೇಲುಗಡೆ ಇಷ್ಟೆಲ್ಲ ನಡೆಯುತ್ತಿರುವಾಗ ಒಳಗಡೆ ಬೇರೆಯೇ ಸಂಸಾರ. ಒಂದು ಹೂವು ಮುಗಿದು ಇನ್ನೊಂದು ಹೂವಿಗೆ ಹೋಗಬೇಕಾದಾಗ ಸೋಮಾರಿ ಕೈ ದಾರವನ್ನು ಕತ್ತರಿಸದೆ ಹಿಂದಿನಿಂದಲೇ ದಾಟಿಸುತ್ತದೆ. ಬುದ್ಧಿವಂತ ಕೈ ದಾರವನ್ನು ಅಲ್ಲೇ ನಾಲ್ಕು ಹೊಲಿಗೆಯ ಕೆಳಗೆ ತೂರಿಸಿ ಕತ್ತರಿಸಿ, ಹೊಸದಾಗಿ ಶುರುಮಾಡುತ್ತದೆ. ಶುರುಮಾಡುವಾಗಲೂ ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಬಿಟ್ಟು, ಮುಂದಿನ ಹೊಲಿಗೆಗಳಡಿ ಅದನ್ನು ಸಿಕ್ಕಿಸಿಕೊಳ್ಳಬೇಕು. ಇದು ಬರೀ ಶಿಸ್ತಿನ ಮಾತಲ್ಲ. ತೆಳು ವಾಯಿಲ್ ಬಟ್ಟೆಯಲ್ಲಿ ಹಿಂದೆ ದಾಟಿದ ಹಸಿರು ದಾರ ಮುಂದೆ ನೆರಳಾಗಿ ಕಾಣುತ್ತದೆ. ಗಂಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ಹೋದರೆ ಮುಂದೆ ಉಬ್ಬು ಮೂಡುತ್ತದೆ. ದಾಟಿಸಿದ ದಾರಕ್ಕೆ ಬಳೆಯೋ ಕಾಲ್ಬೆರಳಿನ ಉಂಗುರವೋ ಸಿಕ್ಕಿಕೊಂಡರೆ ಮುಂದಿನ ಹೂವು ಮುದುಡಿಕೊಳ್ಳುತ್ತದೆ. ಹೀಗೆ ಹಿಂಬದಿಯ ನಿಯಮಗಳಿಗೆಲ್ಲ ಒಂದೊಂದು ಕಾರಣವಿತ್ತು. ಕಾರಣ ಮರೆತುಹೋಯಿತು, ನಿಯಮ ಮಾತ್ರ ಉಳಿಯಿತು. ಕಾರಣ ಮರೆತ ನಿಯಮ ಬೇಗ ಗುಣಪರೀಕ್ಷೆಯಾಗಿಬಿಡುತ್ತದೆ.

ನಮ್ಮ ತಾಯಂದಿರ ಕಾಲದಲ್ಲಿ ಹೆಣ್ಣು ನೋಡಲು ಬಂದವರ ಮುಂದೆ ಉಪ್ಪಿಟ್ಟು ಕೇಸರಿಬಾತಿನ ಜೊತೆ ಇನ್ನೊಂದು ತಟ್ಟೆಯೂ ಬರುತ್ತಿತ್ತು. ಅದರಲ್ಲಿ ದಿಂಬಿನ ಗವುಸು, ರೇಡಿಯೋ ಮೇಲೆ ಹೊದಿಸುವ ಬಟ್ಟೆ, ಮೇಜಿನ ಹೊದಿಕೆ. "ಎಲ್ಲ ನಮ್ಮ ಹುಡುಗಿಯೇ ಹಾಕಿದ್ದು." ಗಂಡಿನ ಕಡೆಯ ಹಿರಿಯಾಕೆ ಅದನ್ನು ಎತ್ತಿಕೊಂಡು ಮಗುಚುತ್ತಿದ್ದರು. ಒಳಗಡೆ ಶುದ್ಧವಾಗಿದ್ದರೆ ಹುಡುಗಿ ಒಳಗೂ ಹೊರಗೂ ಒಂದೇ ಎಂದು ಲೆಕ್ಕ. ಆ ಹಿರಿಯಾಕೆಯ ಲೆಕ್ಕಾಚಾರ ಎಷ್ಟು ಭದ್ರವಾಗಿತ್ತೆಂಬುದಕ್ಕೆ ನಮ್ಮ ನೆಂಟರಲ್ಲೇ ಒಂದು ಕಥೆಯುಂಟು. ಎರಡು ನವಿಲು, ನಡುವೆ ಹೂಗೊಂಚಲಿದ್ದ ಮೇಜಿನ ಹೊದಿಕೆಯೊಂದು ಮೂರು ಮನೆಯ ಮೂರು ಹುಡುಗಿಯರ ಹೆಣ್ಣು ನೋಡುವ ಶಾಸ್ತ್ರದಲ್ಲಿ ಹಾಜರಾಗಿ, ಮೂರು ಮದುವೆ ಮಾಡಿಸಿ, ಹಾಕಿದಾಕೆಯ ಮನೆಗೆ ವಾಪಸು ಬಂತು. ಹಾಕಿದಾಕೆಗೆ ಆಗ ಮದುವೆಯ ವಯಸ್ಸು ದಾಟಿತ್ತು. ಅವರ ಹಿಂಬದಿ ಅಷ್ಟು ಚೊಕ್ಕಟವಾಗಿತ್ತು, ಮೂರು ಜನಕ್ಕೂ ಸಾಕಾಗುವಷ್ಟು.

ನಗುವ ಕಥೆಯೇ. ಆದರೆ ಅದರಲ್ಲಿ ಒಂದು ವಿಷಯ ಇದೆ. ಯಾರೂ ನೋಡದ ಕಡೆ ಸರಿಯಾಗಿರುವುದು ಪ್ರಾಮಾಣಿಕತೆ ಎಂದು ನಾವು ಹೇಳುತ್ತೇವೆ. ಆ ಹೆಣ್ಣುಮಕ್ಕಳ ಪಾಲಿಗೆ ಹಿಂಬದಿಯೇ ಎಲ್ಲರೂ ನೋಡುವ ಕಡೆಯಾಗಿತ್ತು. ತನಿಖೆ ಆಗಿಯೇ ಆಗುತ್ತದೆಂದು ಗೊತ್ತಿದ್ದು ಚೊಕ್ಕಟವಾಗಿಟ್ಟದ್ದನ್ನು ಪ್ರಾಮಾಣಿಕತೆ ಎನ್ನಬೇಕೋ ಅಂಜಿಕೆ ಎನ್ನಬೇಕೋ?

ನಮ್ಮ ಎದುರು ಮನೆಯಲ್ಲಿ ಕೆಲವು ವರ್ಷ ಧಾರವಾಡದ ಕಡೆಯ ಬಾಯಿಯೊಬ್ಬರು ಇದ್ದರು. ಅವರ ಯಜಮಾನರಿಗೆ ಇಲ್ಲಿಗೆ ವರ್ಗವಾಗಿತ್ತು. ನಾವು ಗುಲಾಬಿಗೊಂಚಲನ್ನು ಕಸೂತಿ ಎನ್ನುವುದನ್ನು ಕೇಳಿ ಅವರಿಗೆ ನಗು. ಅವರ ಸೀಮೆಯಲ್ಲಿ ಕಸೂತಿ ಎಂದರೆ ಅದೊಂದೇ: ಇಳಕಲ್ ಸೀರೆಯ ಮೇಲೆ, ಕರಿಯ ಚಂದ್ರಕಾಳಿ ಸೀರೆಯ ಮೇಲೆ, ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕುವ ಗೋಪುರ, ತೇರು, ತುಳಸಿ ವೃಂದಾವನ, ಆನೆ, ಕಮಲ. ನೀಲಿಯಿಲ್ಲ, ಸೀಮೆಎಣ್ಣೆಯಿಲ್ಲ, ಗೆರೆಯೇ ಇಲ್ಲ. ಒಂದು ಎಳೆ ಲೆಕ್ಕ ತಪ್ಪಿದರೆ ಕಮಲ ವಕ್ರ. ಇಂದು ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಬಾಯಿಯವರು ಒಂದು ದಿನ ಸೆರಗನ್ನು ನನ್ನ ಮಡಿಲಲ್ಲಿ ಹರಡಿ, "ಇದರಾಗ ಉಲ್ಟಾ ಯಾವುದು, ಹೇಳ್ರಿ ನೋಡೂಣು" ಎಂದರು. ನಾನು ನಾಲ್ಕು ಸಲ ಮಗುಚಿದೆ. ಹೇಳಲಾಗಲಿಲ್ಲ.

ಅದರ ಗುಟ್ಟನ್ನು ಅವರೇ ಬಿಡಿಸಿ ತೋರಿಸಿದರು. ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ: ಗವಂತಿ, ಮುರ್ಗಿ, ನೇಯ್ಗೆ, ಮೆಂತಿ. ಗವಂತಿಯಲ್ಲಿ ಒಂದು ಹೊಲಿಗೆ ಹಾಕಿ ಒಂದು ಬಿಟ್ಟು ಹೋಗಬೇಕು. ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ವಾಪಸು ಬರುತ್ತಾ, ಹೋಗುವಾಗ ಬಿಟ್ಟದ್ದನ್ನೆಲ್ಲ ತುಂಬಬೇಕು. ಮುಂದೆ ಬಿಟ್ಟ ಜಾಗ ಹಿಂದೆ ತುಂಬಿರುತ್ತದೆ, ಹಿಂದೆ ಬಿಟ್ಟದ್ದು ಮುಂದೆ. ಮರಳಿ ಬರುವಷ್ಟರಲ್ಲಿ ಎರಡೂ ಕಡೆ ಒಂದೇ ಗೆರೆ. ಮುರ್ಗಿಯೂ ಹೀಗೆಯೇ, ಮೆಟ್ಟಿಲು ಮೆಟ್ಟಿಲಾಗಿ. ಗಂಟಿಗೆ ಎಡೆಯೇ ಇಲ್ಲ. ಆದರೆ ನೇಯ್ಗೆ, ಮೆಂತಿ ಎರಡೂ ಬಗೆಗಳಲ್ಲಿ ಹಿಂದುಮುಂದು ಒಂದೇ ಆಗಿರುವುದಿಲ್ಲ. ಹಾಗೆಂದು ಅವನ್ನು ಯಾರೂ ಕೀಳು ಎನ್ನುವುದಿಲ್ಲ. "ಯಾಕ ಎರಡೂ ಕಡೆ ಬೇಕು?" ಎಂದು ನಾನು ಅವರ ಮಾತಿನಲ್ಲೇ ಕೇಳಿದೆ. "ಸೆರಗು ಗಾಳಿಗೆ ಹೊಳ್ಳತೈತಲ್ರಿ. ಹೊಳ್ಳಿದಾಗ ಕಾಣಬ್ಯಾಡೇನು?" ಅಷ್ಟೇ ಉತ್ತರ. ಶೀಲದ ಮಾತಿಲ್ಲ, ಮನಸ್ಸಿನ ಶುದ್ಧಿಯ ಮಾತಿಲ್ಲ. ಸೆರಗು ಮಗುಚುತ್ತದೆ, ಆದ್ದರಿಂದ ಎರಡೂ ಕಡೆ ಚಂದ ಇರಬೇಕು.

ಇದೇ ಹೊಲಿಗೆ ಯುರೋಪಿನಲ್ಲೂ ಇತ್ತು. 16ನೆಯ ಶತಮಾನದ ಇಂಗ್ಲೆಂಡಿನ ಅರಮನೆಯಲ್ಲಿ ಹ್ಯಾನ್ಸ್ ಹೋಲ್ಬೈನ್ ಎಂಬ ಚಿತ್ರಕಾರನಿದ್ದ. ಎಂಟನೆಯ ಹೆನ್ರಿಯ ಮೂರನೆಯ ರಾಣಿ ಜೇನ್ ಸೀಮೋರಳ ಚಿತ್ರ ಬರೆದಾಗ ಅವಳ ತೋಳಿನಂಚಿನ ಕಪ್ಪು ಕಸೂತಿಯನ್ನು ಒಂದೊಂದು ಹೊಲಿಗೆಯೂ ಕಾಣುವಂತೆ ಬರೆದ. ತೋಳಿನಂಚು ಸಡಿಲವಾಗಿ ತೆರೆದುಕೊಳ್ಳುವ ಜಾಗ, ಅಲ್ಲೂ ಎರಡೂ ಕಡೆ ಕಾಣುತ್ತದೆ, ಧಾರವಾಡದ ಸೆರಗಿನಂತೆಯೇ. ಈಗ ಇಂಗ್ಲಿಷಿನಲ್ಲಿ ಆ ಹೊಲಿಗೆಗೆ ಹೋಲ್ಬೈನ್ ಸ್ಟಿಚ್ ಎಂದೇ ಹೆಸರು. ಹಾಕಿದಾಕೆಯ ಹೆಸರು ಹೋಯಿತು, ನೋಡಿ ಬರೆದವನ ಹೆಸರು ನಿಂತಿತು. ಇರಲಿ.

ಲಕ್ನೋದ ಚಿಕನ್ ಕೆಲಸ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಬಖಿಯಾ ಎಂಬ ಹೊಲಿಗೆಯನ್ನು ತೆಳು ಬಟ್ಟೆಯ ಹಿಂಬದಿಯಲ್ಲೇ ಒತ್ತೊತ್ತಾಗಿ ಹಾಕುತ್ತಾರೆ. ಮುಂದೆ ಕಾಣುವುದು ಎಸಳಿನ ಅಂಚಿನ ಗೆರೆ ಮತ್ತು ಒಳಗಿನ ದಾರದ ಮಸುಕು ನೆರಳು. ಅಲ್ಲಿ ಹಿಂಬದಿಯೇ ಕೆಲಸ, ಮುಂಬದಿ ಅದರ ನೆರಳು. ಹಾಗಾಗಿ ಹಿಂಬದಿ ಹೀಗೆಯೇ ಇರಬೇಕೆಂಬ ಒಂದೇ ಧರ್ಮ ಕಸೂತಿಯಲ್ಲಿಲ್ಲ. ಬಟ್ಟೆ ಎಲ್ಲಿಗೆ ಹೋಗುತ್ತದೆ, ಯಾರ ಮೈಮೇಲೆ ಕೂರುತ್ತದೆ, ಎಷ್ಟು ದಿನ ಬಾಳಬೇಕು ಎಂಬುದು ಅದನ್ನು ತೀರ್ಮಾನಿಸುತ್ತದೆ.

ಈಗ ನಮ್ಮ ಬೀದಿಯ ಹುಡುಗಿಯ ವಿಷಯ. ಅವಳು ಹಾಕುವುದು ಆರಿ ಕೆಲಸ. ಇಂದು ಮದುವೆಯ ರವಿಕೆ ಎಂದರೆ ಆರಿ ಕೆಲಸವಿಲ್ಲದೆ ಇಲ್ಲ. ಮರದ ಚೌಕಟ್ಟಿಗೆ ಬಟ್ಟೆಯನ್ನು ಮದ್ದಳೆಯಂತೆ ಬಿಗಿದು, ಮೇಲಿನಿಂದ ಕೊಕ್ಕೆಯ ಸೂಜಿ, ಕೆಳಗಿನಿಂದ ಎಡಗೈಯಲ್ಲಿ ದಾರ. ಕೊಕ್ಕೆ ಇಳಿದು ದಾರವನ್ನು ಕುಣಿಕೆಯಾಗಿ ಮೇಲೆಳೆಯುತ್ತದೆ, ಮತ್ತೆ ಇಳಿಯುತ್ತದೆ, ಸರಪಳಿ ಬೆಳೆಯುತ್ತದೆ. ಕಚ್ಛದ ಕಡೆ ಮೋಚಿಗಳು ಚರ್ಮದ ಮೇಲೆ ಹಾಕುತ್ತಿದ್ದ ಕೆಲಸ ರೇಷ್ಮೆ ಬಟ್ಟೆಗೆ ಇಳಿದು, ಹೀಗೆ ಬಂದದ್ದು. ನಮ್ಮ ಹುಡುಗಿ ಒಂದಿಷ್ಟು ತರಗತಿಯಲ್ಲಿ, ಉಳಿದದ್ದು ಯೂಟ್ಯೂಬ್ ನೋಡಿ ಕಲಿತಳು. ಅವಳ ಕಮಲದ ಎಸಳುಗಳಲ್ಲಿ ಗುಲಾಬಿ ಬಣ್ಣ ಬುಡದಿಂದ ತುದಿಗೆ ತಿಳಿಯಾಗುವುದನ್ನು ನೋಡಬೇಕು. ದಾರದ ಉಂಡೆಯ ಮೇಲೆ ಸಿಲ್ಕ್ ಥ್ರೆಡ್ ಎಂದಿರುತ್ತದೆ, ಬಹಳಷ್ಟು ಸಲ ಒಳಗಿರುವುದು ರೇಯಾನ್. ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ ರಾಮನಗರದಲ್ಲೇ, ನಮ್ಮ ಪಕ್ಕದಲ್ಲೇ ಇದ್ದರೂ ನಮ್ಮ ಹೂವುಗಳಿಗೆ ಸಿಗುವುದು ಹುಸಿ ರೇಷ್ಮೆ.

ಬೆಂಗಳೂರಿನ ಒಂದು ಅಂಗಡಿಯವರು ಅವಳಿಗೆ ರವಿಕೆ ಬಟ್ಟೆ ಕಳಿಸುತ್ತಾರೆ. ಮಾಗಡಿಯಿಂದ ಬೆಂಗಳೂರು ಐವತ್ತು ಕಿಲೋಮೀಟರಿನಷ್ಟು ದೂರ. ಬಸ್ಸಿನಲ್ಲಿ ಬಟ್ಟೆ ಬರುತ್ತದೆ, ಬಸ್ಸಿನಲ್ಲಿ ಹೋಗುತ್ತದೆ. ರವಿಕೆಗಿಷ್ಟು ಎಂದು ಕೂಲಿ. ಹೋದ ವರ್ಷ ಅಂಗಡಿಯವರು ಹೇಳಿದರಂತೆ: "ಒಂದೊಂದು ಎಸಳಿಗೂ ಗಂಟು ಹಾಕ್ತಾ ಕೂತ್ರೆ ಯಾವಾಗಮ್ಮ ಮುಗಿಸೋದು? ದಾರ ಕತ್ತರಿಸಿ ಹಿಂದೆ ಗಮ್ ಹಚ್ಚಿಬಿಡು. ಹೇಗೂ ಲೈನಿಂಗ್ ಬರತ್ತೆ, ಯಾರು ನೋಡ್ತಾರೆ?"

ಸರಪಳಿ ಹೊಲಿಗೆಯ ಸ್ವಭಾವ ನಿಮಗೆ ಗೊತ್ತಿರಬಹುದು. ಅಕ್ಕಿ ಮೂಟೆಯ ಬಾಯಿ ಹೊಲಿದ ದಾರದ ಸರಿಯಾದ ತುದಿ ಸಿಕ್ಕಿ ಎಳೆದರೆ ಸರ್ರನೆ ಇಡೀ ಹೊಲಿಗೆ ಬಿಚ್ಚಿಕೊಳ್ಳುತ್ತದಲ್ಲ, ಅದೇ ಇದು. ಪ್ರತಿ ಕುಣಿಕೆಯನ್ನೂ ಮುಂದಿನ ಕುಣಿಕೆ ಹಿಡಿದಿರುತ್ತದೆ. ಕೊನೆಯದನ್ನು ಹಿಡಿಯಲು ಮಾತ್ರ ಯಾರೂ ಇಲ್ಲ. ಅದಕ್ಕೆ ಗಂಟೇ ಗತಿ. ಗೋಂದು ಸ್ವಲ್ಪ ಕಾಲ ಹಿಡಿದೀತು. ಒಣಗಿದ ಗೋಂದು ಗಟ್ಟಿಯಾಗುತ್ತದೆ, ನಾಲ್ಕು ಸಲ ಬೆವರು ಹತ್ತಿ, ಎರಡು ಸಲ ಒಗೆದ ಮೇಲೆ ಪುಡಿಯಾಗುತ್ತದೆ. ಆಮೇಲೆ ಬಳೆಗೆ ಸಿಕ್ಕಿಕೊಂಡ ಒಂದು ಎಳೆ ಸಾಕು, ಎಸಳಿಗೆ ಎಸಳೇ ಮಾಯ.

ಪ್ಲೇಟೋ ಬರೆದ ರಿಪಬ್ಲಿಕ್ ಎಂಬ ಗ್ರಂಥದ ಎರಡನೆಯ ಭಾಗದಲ್ಲಿ ಗೈಜಸನ ಉಂಗುರದ ಕಥೆ ಬರುತ್ತದೆ. ಕುರಿ ಕಾಯುವವನೊಬ್ಬನಿಗೆ ಒಂದು ಉಂಗುರ ಸಿಗುತ್ತದೆ. ಅದರ ಹರಳನ್ನು ಅಂಗೈ ಕಡೆಗೆ ತಿರುಗಿಸಿದರೆ ತೊಟ್ಟವನು ಯಾರಿಗೂ ಕಾಣುವುದಿಲ್ಲ. ಕಾಣದ ಮೇಲೆ ಅವನು ಅರಮನೆ ಹೊಕ್ಕು ರಾಣಿಯನ್ನು ಒಲಿಸಿಕೊಂಡು ರಾಜನನ್ನೇ ಕೊಲ್ಲುತ್ತಾನೆ. ಇಂಥ ಉಂಗುರ ಸಿಕ್ಕರೆ ಒಳ್ಳೆಯವನೂ ಒಳ್ಳೆಯವನಾಗಿ ಉಳಿದಾನೆ ಎಂಬುದು ಅಲ್ಲಿನ ಪ್ರಶ್ನೆ. ನನಗೆ ಲೈನಿಂಗ್ ಬಟ್ಟೆಯನ್ನು ಕಂಡಾಗಲೆಲ್ಲ ಈ ಉಂಗುರ ನೆನಪಾಗುತ್ತದೆ. ಮೀಟರಿಗೆ ಅಷ್ಟೇನೂ ಬೆಲೆಯಿಲ್ಲದ ತೆಳು ಹತ್ತಿ ಬಟ್ಟೆ, ಅದರ ಹಿಂದೆ ಏನು ಬೇಕಾದರೂ ಮುಚ್ಚಿಹೋಗುತ್ತದೆ.

ಆದರೆ ಪ್ಲೇಟೋ ಕಥೆಯಲ್ಲಿ ಉಂಗುರ ತೊಟ್ಟವನೇ ಲಾಭ ಪಡೆಯುವವನು. ನಮ್ಮ ಹುಡುಗಿಯ ಪಾಡು ಹಾಗಲ್ಲ. ಗೋಂದಿನಿಂದ ಉಳಿಯುವ ಸಮಯದ ಲಾಭ ಬಹುಪಾಲು ಅಂಗಡಿಗೆ. ಗಂಟು ಹಾಕಿದರೆ ಹೋಗುವ ಅರ್ಧ ದಿನ ಮಾತ್ರ ಪೂರ್ತಿ ಅವಳದು, ಅದಕ್ಕೆ ಕಾಸಿಲ್ಲ. ಹೀಗಿರುವಾಗ ಅವಳ ಮುಂದೆ ಕುಳಿತು ಆತ್ಮಸಾಕ್ಷಿಯ ಮಾತಾಡುವುದು ನನಗೆ ಸುಲಭ, ಏಕೆಂದರೆ ಬೆಲೆ ತೆರುವವಳು ನಾನಲ್ಲ. ಹಿಂಬದಿ ಚೊಕ್ಕಟವಾಗಿರಲಿ ಎನ್ನುವವರು ಯಾವತ್ತೂ ಹಿಂಬದಿಗೆ ಕೂಲಿ ಕೊಟ್ಟವರಲ್ಲ. ಹೆಣ್ಣು ನೋಡಲು ಬಂದ ಹಿರಿಯಾಕೆಯೂ ಕೊಡಲಿಲ್ಲ. ಮಣಿಗೆ ಇಷ್ಟು, ಜರ್ದೋಸಿಗೆ ಇಷ್ಟು, ಹೂವಿಗೆ ಇಷ್ಟು ಎಂದು ಎಣಿಸಿ ಚೌಕಾಸಿ ಮಾಡುವ ಗಿರಾಕಿಗಳು, ಅದರಲ್ಲೂ ನಾವು ಹೆಂಗಸರು, ಗಂಟಿಗೆ ಇಷ್ಟು ಎಂದದ್ದನ್ನು ನಾನಂತೂ ಕೇಳಿಲ್ಲ.

ಹಾಗಾದರೆ ಗೋಂದು ಸರಿಯೆ? ಅಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಕಾರಣ ಬೇರೆ. ದೇವರು ನೋಡುತ್ತಾನೆ ಎಂಬುದೊಂದು ಹಳೆಯ ಉತ್ತರ. ನಮ್ಮ ತಿರುಮಲೆಯ ರಂಗನಾಥಸ್ವಾಮಿಗೆ ರವಿಕೆಯ ಲೈನಿಂಗ್ ಬಿಚ್ಚಿ ನೋಡುವಷ್ಟು ಪುರಸೊತ್ತಿದೆ ಎಂದು ನನಗೆ ಅನ್ನಿಸುವುದಿಲ್ಲ. ತನ್ನ ಮನಸ್ಸಿಗೇ ಗೊತ್ತಿರುತ್ತದೆ ಎಂಬುದು ಇನ್ನೊಂದು. ಮನಸ್ಸು ಬಹಳ ಬೇಗ ಒಗ್ಗಿಕೊಳ್ಳುತ್ತದೆ, ಹತ್ತನೆಯ ರವಿಕೆಗೆ ಅದು ಸುಮ್ಮನಾಗುತ್ತದೆ. ನನಗೆ ಹೊಳೆಯುವುದು ಇಷ್ಟು: ಬಟ್ಟೆಗೆ ಮುಂಬದಿ ನೋಡುವವರದು, ಹಿಂಬದಿ ತೊಡುವವಳದು. ಮುಂದಿನ ಹೂವನ್ನು ತೊಟ್ಟವಳು ಕನ್ನಡಿಯಲ್ಲಿ ಮಾತ್ರ ನೋಡಬಲ್ಲಳು. ಹಿಂದಿನ ಗಂಟನ್ನು, ಗೋಂದಿನ ಗರಗಸವನ್ನು ಅವಳ ಮೈ ದಿನವಿಡೀ ಅರಿಯುತ್ತದೆ, ಲೈನಿಂಗ್ ಇದ್ದರೂ. ಕೂಸಿನ ಕುಲಾವಿಗೆ, ದಿಂಬಿನ ಗವುಸಿಗೆ ಲೈನಿಂಗ್ ಕೂಡ ಇರುವುದಿಲ್ಲ, ಕೆನ್ನೆಯೇ ತಾಗುತ್ತದೆ. ಯಾರೂ ನೋಡದ ಕಡೆ ಎಂದು ನಾವು ಹೇಳುವ ಜಾಗದಲ್ಲಿ ನಿಜವಾಗಿ ಒಬ್ಬರು ಇದ್ದೇ ಇರುತ್ತಾರೆ. ಅವರು ಪರೀಕ್ಷಕರಲ್ಲ, ಅಷ್ಟೇ. ಮಗುಚಿ ನೋಡುವ ಹಿರಿಯಾಕೆಗೆ ನಾವು ಯಾವ ಋಣದಲ್ಲೂ ಇಲ್ಲ. ತೊಡುವವಳ ಋಣ ಉಂಟು.

ಇದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಕೊಕ್ಕೆಯನ್ನು ನಿಲ್ಲಿಸದೆ ಕೇಳಿಸಿಕೊಂಡು, "ನೀವು ಹೇಳೋದು ಸರಿ ಕಣಕ್ಕ. ಆದ್ರೆ ತೊಡೋರು ಯಾರು ಅಂತ ನಂಗೆಲ್ಲಿ ಗೊತ್ತು? ಬಟ್ಟೆ ಜೊತೆ ಒಂದು ಚೀಟಿ ಬರತ್ತೆ, ಅದರಲ್ಲಿ ನಂಬರ್ ಇರತ್ತೆ" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ನನ್ನ ಚಿಕ್ಕಮ್ಮಂದಿರು ಹಾಕಿದ ಕುಲಾವಿ ಯಾವ ಕೂಸಿನದೆಂದು ಅವರಿಗೆ ಗೊತ್ತಿತ್ತು. ಬಾಯಿಯವರ ಸೀರೆಯನ್ನು ಹಾಕಿದವರು ಅವರ ತಾಯಿ. ಸಂಖ್ಯೆಯ ಚೀಟಿಗೆ ಯಾರು ಎಷ್ಟು ಋಣಿಯಾಗಬಲ್ಲರು?

ಅವಳು ತನ್ನಷ್ಟಕ್ಕೆ ಒಂದು ದಾರಿ ಕಂಡುಕೊಂಡಳು. ಮಾಗಡಿಯವರೇ ನೇರವಾಗಿ ಕೊಡುವ ರವಿಕೆಗಳಿಗೆ ಈಗ ಎರಡು ದರ ಹೇಳುತ್ತಾಳೆ. ಗಂಟಿನದು ಇಷ್ಟು, ಗಮ್‌ನದು ಇಷ್ಟು. ಎರಡಕ್ಕೂ ವ್ಯತ್ಯಾಸವೇನೆಂದು ಹಳೆಯ ತುಂಡೊಂದರ ದಾರ ಎಳೆದು ತೋರಿಸುತ್ತಾಳೆ. ಕಣ್ಣೆದುರೇ ಒಂದು ಎಸಳು ಬಿಚ್ಚಿಹೋಗುವುದನ್ನು ಕಂಡ ಮೇಲೆ ಹೆಚ್ಚಿನವರು ನಾಲ್ಕು ಕಾಸು ಹೆಚ್ಚಾದರೂ ಗಂಟನ್ನೇ ಕೇಳುತ್ತಾರಂತೆ. ಮೊನ್ನೆ ಮದುವೆಯ ಹುಡುಗಿಯೊಬ್ಬಳು ಮಾತ್ರ ಎಲ್ಲ ನೋಡಿ, "ಗಮ್ಮೇ ಇರಲಿ. ಈ ಬ್ಲೌಸನ್ನ ಧಾರೆ ದಿನ ಬಿಟ್ಟು ಇನ್ಯಾವಾಗ ಹಾಕ್ಕೋತೀನಿ ನಾನು?" ಎಂದಳಂತೆ. ಅದನ್ನು ಕೇಳಿ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಹೋಯಿತು. ಧಾರೆಯ ದಿನ ಅವಳು ಮುಡಿಯುವ ಕನಕಾಂಬರದ ದಂಡೆಯನ್ನೂ ಕಟ್ಟಿದವರು ಒಂದು ದಿನಕ್ಕೇ ಕಟ್ಟಿರುತ್ತಾರೆ. ಮಾರನೆಯ ದಿನ ಹೂವು ಉದುರಿತೆಂದು ಹೂವಾಡಗಿತ್ತಿಯನ್ನು ಯಾರೂ ಬೈಯುವುದಿಲ್ಲ. ತಿಳಿದು ಆರಿಸಿಕೊಂಡವಳಿಗೆ ಮೋಸವಾಗಲಿಲ್ಲ. ಆ ರವಿಕೆಗೆ ನಮ್ಮ ಹುಡುಗಿ ಗೋಂದನ್ನೇ ಹಚ್ಚಿಕೊಟ್ಟಳು.

ಅಂಗಡಿಯ ರವಿಕೆಗಳು ಮಾತ್ರ ಇಂದಿಗೂ ಚೀಟಿ ಕಟ್ಟಿಕೊಂಡು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಿವೆ. ಅವುಗಳ ಕೊನೆಯ ಕುಣಿಕೆಯನ್ನು ಏನು ಮಾಡುತ್ತೀ ಎಂದು ನಾನು ಅವಳನ್ನು ಕೇಳುವುದಿಲ್ಲ.